ಅಡ್ಡಿಲ್ಲ ಎಂದವರ ಕಾಲಮು

ಸತ್ವಾ ಬಡಾವಣೆಯ ಆ ಹೊಲಿಗೆ ಅಂಗಡಿಯಲ್ಲಿ ನಾನು ಮೊದಲ ಸಲ ಜಗಳ ತೆಗೆದದ್ದು ಒಂದು ತೋಳಿನ ವಿಷಯಕ್ಕೆ. ಮದುವೆಯಾಗಿ ದುಬೈಗೆ ಬಂದ ಹೊಸತು. ಧಾರವಾಡದಿಂದ ತಂದಿದ್ದ ಖಣದಲ್ಲಿ ಕುಪ್ಪಸ ಹೊಲಿಯಲು ಕೊಟ್ಟಿದ್ದೆ. ತೋಳು ಅರ್ಧ ಇಂಚು ಗಿಡ್ಡ ಬಂದಿತ್ತು. ನನ್ನ ಬಾಯಿ ಮೊದಲಿನಿಂದಲೂ ಜೋರು. ಹಿಂದಿಯಲ್ಲಿ ಶುರು ಮಾಡಿದವಳು ಸಿಟ್ಟು ಏರುತ್ತಿದ್ದಂತೆ ಕನ್ನಡಕ್ಕೆ ಇಳಿದೆ. ಟೈಲರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹೋಯ್, ಕನ್ನಡದವ್ಳಾ ನೀನು? ಮೊದ್ಲೇ ಹೇಳುಕಾಗ್ದಾ?" ಎಂದು ನಕ್ಕರು. ಕುಂದಾಪುರದ ಕಡೆಯವರು. ತೋಳಿನ ಹೊಲಿಗೆ ಬಿಚ್ಚಿದರು. ಒಳಗೆ ಮಡಿಸಿಟ್ಟಿದ್ದ ಬಟ್ಟೆಯನ್ನು ಬಿಡಿಸಿ ತೋಳು ಉದ್ದ ಮಾಡಿಕೊಟ್ಟರು. "ಒಳ್ಗೆ ಚೂರ್ ಬಟ್ಟೆ ಬಿಟ್ಟೇ ಇರ್ಕ್ ಮಗಾ. ಯಾವತ್ತಾರೂ ಬೇಕಾತ್ತ್" ಎಂದರು.

ಅಂದಿನಿಂದ ನನಗೆ ಅವರು ಕಾಕಾ, ಅವರಿಗೆ ನಾನು ಮಗಾ. ನನ್ನ ಯಜಮಾನರು ದೂರದ ರುವೈಸ್ ಊರಿನ ಕಂಪನಿಯಲ್ಲಿ ಎಂಜಿನಿಯರು, ವಾರದ ಕೊನೆಗೆ ಮಾತ್ರ ಮನೆಗೆ ಬರುವವರು. ಹಾಗಾಗಿ ವಾರವಿಡೀ ಕನ್ನಡ ಆಡಬೇಕೆನಿಸಿದರೆ ನನಗಿದ್ದದ್ದು ಆ ಅಂಗಡಿಯೇ. ಹೊಲಿಸಲು ಏನೂ ಇಲ್ಲದಿದ್ದರೂ ಸೀರೆಗೆ ಫಾಲ್ ಹಚ್ಚಿಸುವ ನೆಪ ಮಾಡಿಕೊಂಡು ಹೋಗುತ್ತಿದ್ದೆ.

ಅಂಗಡಿ ಎಂದರೆ ಓಣಿಯಂಥ ಒಂದು ಉದ್ದನೆಯ ಕೋಣೆ ಅಷ್ಟೇ. ಕೆಳಗೆ ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳಿಗೆ ಎರಡು ಸ್ಟೂಲು, ಅಳತೆ ಕೊಡುವ ಮೂಲೆಗೆ ಒಂದು ಪರದೆ. ಹಿಂದೆ ಕಬ್ಬಿಣದ ಮೆಟ್ಟಿಲು. ಮೇಲಿನ ಅಟ್ಟದಲ್ಲಿ ಎರಡು ಮಿಷನ್ನು: ಒಂದು ಸಾದಾ, ಒಂದು ಓವರ್‌ಲಾಕ್. ಸತ್ವಾದ ಹಳೆಯ ಅಂಗಡಿಗಳಲ್ಲೆಲ್ಲ ಇಂಥ ಅಟ್ಟಗಳಿವೆ. ಎತ್ತರದವರು ಅಲ್ಲಿ ನೆಟ್ಟಗೆ ನಿಲ್ಲುವಂತಿಲ್ಲ. ಕಾಕಾ ಗಿಡ್ಡ ಆಳು, ಅವರಿಗೆ ತಲೆ ತಾಗುತ್ತಿರಲಿಲ್ಲ. "ಈ ಅಟ್ಟ ನಂಗೇ ಅಳತಿ ತೆಕಂಡ್ ಹೊಲ್ದದ್ದ್" ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಅವರ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು: ಅಡ್ಡಿಲ್ಲ. ಜ್ವರ ಬಂದು ಕಣ್ಣು ಕೆಂಪಾಗಿದ್ದಾಗ ಹೇಗಿದ್ದೀರಿ ಎಂದರೆ ಅಡ್ಡಿಲ್ಲ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ನೋವೇ ಎಂದರೆ ಅಡ್ಡಿಲ್ಲ. ಊರಲ್ಲಿ ಅವರ ಅಣ್ಣ ತೀರಿಕೊಂಡು, ಇವರಿಗೆ ಹೋಗಲಾಗದೆ ಇಲ್ಲೇ ಉಳಿದ ವಾರವೂ ಅದೇ ಅಡ್ಡಿಲ್ಲ. ನಮ್ಮ ಧಾರವಾಡದ ಕಡೆಯೂ ಅಡ್ಡಿ ಇಲ್ಲ ಎನ್ನುತ್ತೇವೆ. ಆದರೆ ನಾವು ಹಾಗೆಂದರೆ ಅಡ್ಡಿ ಇಲ್ಲವೆಂದೇ ಅರ್ಥ. "ನಾಳೆ ಬರ್ಲೇನು?" "ಅಡ್ಡಿ ಇಲ್ಲ, ಬಾ." ಅಲ್ಲಿಗೆ ಮುಗಿಯಿತು. ಕಾಕಾನ ಅಡ್ಡಿಲ್ಲದೊಳಗೆ ಏನೇನೋ ಮಡಿಸಿಟ್ಟಿರುತ್ತಿತ್ತು, ಆ ಕುಪ್ಪಸದ ತೋಳಿನ ಹಾಗೆ. ಇದು ನನಗೆ ಗೊತ್ತಿತ್ತು. ಮನೆಯಲ್ಲಿ ಮಗಳೆದುರು ಅವರ ದನಿಯಲ್ಲೇ ಅಡ್ಡಿಲ್ಲ ಎಂದು ಅಣಕಿಸಿ ನಗಿಸುವಷ್ಟು ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದುಕೊಂಡರೆ ನನಗೆ ಸುಲಭವಾಗುತ್ತಿತ್ತು, ಅದಕ್ಕೇ ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಇನ್ನು ನನ್ನ ಕೆಲಸದ ವಿಷಯ. ಸರ್ಕಾರಿ ಕಚೇರಿಗಳು ಹೊಸ ನಿಯಮ ತರುವ ಮುಂಚೆ ಅದರ ಕರಡನ್ನು ಜನರ ಮುಂದಿಡುತ್ತವೆ. ವೆಬ್‌ಸೈಟಿನಲ್ಲಿ ಹಾಕಿ, ಇಷ್ಟು ದಿನದೊಳಗೆ ಅಭಿಪ್ರಾಯ ತಿಳಿಸಿ ಎನ್ನುತ್ತವೆ. ಕೆಲವು ಸಲ ಹಾಲ್‌ನಲ್ಲಿ ಸಭೆ ಕರೆಯುತ್ತವೆ. ಬಂದ ಅಭಿಪ್ರಾಯಗಳನ್ನೆಲ್ಲ ಒಟ್ಟುಮಾಡಿ, ವಿಂಗಡಿಸಿ, ವರದಿ ಬರೆದುಕೊಡುವ ಒಂದು ಚಿಕ್ಕ ಕಂಪನಿಯಲ್ಲಿ ನಾನಿದ್ದೆ. ಕನ್ನಡ, ಹಿಂದಿ, ಇಂಗ್ಲಿಷು, ಸ್ವಲ್ಪ ತುಳು ಬರುತ್ತದೆಂದು ನನ್ನನ್ನು ಸಭೆಗಳಿಗೆ ಕಳಿಸುತ್ತಿದ್ದರು. ಅರಬ್ಬಿಯೂ ಇಂಗ್ಲಿಷೂ ಓದಲಾಗದವರ ಪಕ್ಕ ಕುಳಿತು, ಕರಡಿನಲ್ಲಿ ಏನಿದೆ ಎಂದು ಹೇಳಿ, ಅವರ ಮಾತನ್ನು ಫಾರಂನಲ್ಲಿ ತುಂಬಿಸುವುದು ನನ್ನ ಪಾಲಿನ ಕೆಲಸ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಊರಿಗೆ ಹೋದಾಗ, ದುಬೈಯಲ್ಲಿ ಕಾನೂನು ಮಾಡುವವರಿಗೆ ನಾನು ಸಹಾಯ ಮಾಡುತ್ತೇನೆ ಎಂದು ಬೀಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಕರಡು ಬಂತು. ಹಳೆಯ ಕಟ್ಟಡಗಳಲ್ಲಿ ಮೇಲೆ ಮನೆಗಳಿದ್ದು ಕೆಳಗೆ ಅಂಗಡಿಯಿದ್ದರೆ, ಅಂಥ ಅಂಗಡಿಯ ಅಟ್ಟದಲ್ಲಿ ಕೂತು ಕೆಲಸ ಮಾಡುವಂತಿಲ್ಲ, ಕರೆಂಟಿನ ಮಿಷನ್ ಇಡುವಂತಿಲ್ಲ, ಸಾಮಾನು ಮಾತ್ರ ಇಡಬಹುದು ಎಂದು. ಬೆಂಕಿ ಬಿದ್ದರೆ ಅಟ್ಟದಲ್ಲಿದ್ದವರಿಗೆ ಓಡಲು ದಾರಿಯಿಲ್ಲ ಎಂಬುದು ಅವರ ಕಾರಣ. ಕಾರಣ ಸುಳ್ಳಲ್ಲ. ಇವತ್ತಿಗೂ ನಾನು ಆ ನಿಯಮವನ್ನು ಬಯ್ಯುವುದಿಲ್ಲ.

ಸಭೆ ನಡೆದದ್ದು ಒಂದು ಮಧ್ಯಾಹ್ನ. ಬಾಗಿಲಲ್ಲೇ ಖರ್ಜೂರ, ಗಾವಾ ಎಂಬ ಅರಬ್ಬಿ ಕಾಫಿ ಇಟ್ಟಿದ್ದರು. ಕಚೇರಿಯ ಕಡೆಯಿಂದ ಬಂದಿದ್ದ ಅಧಿಕಾರಿಣಿ ಇಲ್ಲಿಯದೇ ಹೆಣ್ಣುಮಗಳು, ನನಗಿಂತ ಚಿಕ್ಕವಳು. ಎದ್ದು ನಿಂತು, "ಇದಿನ್ನೂ ಕರಡು. ನಿಮಗೆ ತೊಂದರೆಯಾಗುವುದಿದ್ದರೆ ಈಗಲೇ ಹೇಳಿ, ಬದಲಿಸಲು ಬರುತ್ತದೆ" ಎಂದಳು. ಅದನ್ನು ನಾನೇ ಹಿಂದಿಗೆ, ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮೊಬೈಲು ಮತ್ತು ಗಡಿಯಾರ ರಿಪೇರಿಯವರು ಒಂದು ಕಡೆ ಗುಂಪಾಗಿ ಕೂತು ಆಗಲೇ ಗಲಾಟೆ ಎಬ್ಬಿಸಿದ್ದರು. ಹೊಲಿಗೆಯವರು ಹಿಂದಿನ ಸಾಲಿನಲ್ಲಿದ್ದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು, ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿತ್ತು.

ಕಾಕಾನ ಸರದಿ ಬಂದಾಗ ಅವರ ಹಿಂದೆ ಇನ್ನೂ ಉದ್ದ ಸಾಲಿತ್ತು. ಕುಡಿಯಲು ನೀರು ಸಿಕ್ಕಿರಲಿಲ್ಲ, ತಲೆ ಸಿಡಿಯುತ್ತಿತ್ತು. ಕರಡಿನ ಅಂಶಗಳನ್ನು ಗಡಗಡ ಓದಿ ಹೇಳಿದೆ.

"ಹಂಗಾರೆ ಅಟ್ಟದಗೆ ಮಿಷನ್ ಇಡುಕಾಗ್ದಾ?" ಎಂದು ಕೇಳಿದರು.

"ಇಡೋ ಹಂಗಿಲ್ಲ ಅಂತ ಬರದಾರ್ರೀ ಕಾಕಾ. ನಿಮ್ದೇನು ಹೇಳ್ರಿ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ತಿರುಗಿ ತಮ್ಮ ಹಿಂದಿನ ಸಾಲನ್ನು ನೋಡಿದರು.

"ಅಡ್ಡಿಲ್ಲ" ಎಂದರು.

ಫಾರಂನಲ್ಲಿ ನಾಲ್ಕು ಕಾಲಮು ಇದ್ದವು. ಬೆಂಬಲವಿದೆ. ಬದಲಾವಣೆ ಮಾಡಿದರೆ ಬೆಂಬಲವಿದೆ. ಆಕ್ಷೇಪವಿಲ್ಲ. ಆಕ್ಷೇಪವಿದೆ. ಈ ದೇಶದಲ್ಲಿ ಬದುಕಿದವರಿಗೆ ಮೂರನೆಯ ಕಾಲಮಿನ ಮಾತು ಬಾಯಿಪಾಠ. ಬೋರ್ಡು ಹಾಕಲು ಕಟ್ಟಡದ ಮಾಲೀಕನ ಎನ್‌ಒಸಿ, ಗೋಡೆಗೆ ಮೊಳೆ ಹೊಡೆಯಲು ಎನ್‌ಒಸಿ. ಮಾಫಿ ಎನ್‌ಒಸಿ, ಮಾಫಿ ಕೆಲಸ, ಅಂದರೆ ಅದಿಲ್ಲದಿದ್ದರೆ ಕೆಲಸವೂ ಇಲ್ಲ, ಎಂದು ನಾವೇ ನಗುತ್ತೇವೆ. ಆಕ್ಷೇಪವಿಲ್ಲ ಎಂಬ ಪತ್ರಕ್ಕಾಗಿ ಅಲೆದಲೆದು, ಅಡ್ಡಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು. ಟಿಕ್ ಹಾಕಿದೆ. ಕೆಳಗೆ 'ಹೆಚ್ಚಿನ ಮಾತು' ಎಂದು ನಾಲ್ಕು ಸಾಲಿನ ಖಾಲಿ ಜಾಗವಿತ್ತು. ಅಲ್ಲಿ ಒಂದು ಅಡ್ಡಗೆರೆ ಎಳೆದೆ. ಅವರು ಸಹಿ ಮಾಡಿದರು, ಕೆಳಗೆ ನಾನು ಮಾಡಿದೆ. ಅವರ ಹಿಂದೆ ಇದ್ದ ಕುಂದಾಪುರ, ಉಡುಪಿ ಕಡೆಯ ಇನ್ನೂ ಕೆಲವು ಟೈಲರುಗಳು, ಹಿರಿಯರು ಏನು ಹೇಳಿದರೋ ನಮ್ಮದೂ ಅದೇ ಎಂದರು. ಅವರೆಲ್ಲ ಅದೇ ಕಾಲಮಿಗೆ ಬಿದ್ದರು. ಸಾಲು ಬೇಗ ಕರಗಿತೆಂದು ನನಗೆ ಖುಷಿಯಾಯಿತು.

ವರದಿ ಕಳಿಸಿದ ಮೇಲೆ ಆ ಅಧಿಕಾರಿಣಿ ನನಗೆ ಫೋನ್ ಮಾಡಿದಳು. ವರದಿಯನ್ನು ಅವಳು ನಿಜವಾಗಿಯೂ ಓದಿದ್ದಳು. "ಹೊಲಿಗೆಯವರಲ್ಲಿ ಯಾರೂ ಬೇಡ ಅನ್ನಲಿಲ್ಲವಾ? ನಾನು ಆ ಅಂಗಡಿಗಳನ್ನು ನೋಡಿದ್ದೇನೆ. ಮಿಷನ್ನು ಇರುವುದೇ ಮೇಲೆ. ನನಗೆ ಆಶ್ಚರ್ಯವಾಗುತ್ತಿದೆ" ಎಂದಳು. ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನನಗೆ ಮಾತ್ರ ನನ್ನ ಕೆಲಸದ ಮೇಲೆ ಅನುಮಾನ ಪಟ್ಟ ಹಾಗೆ ಕೇಳಿಸಿತು. ನನ್ನ ಸಿಟ್ಟಿಗೆ ಅಷ್ಟು ಸಾಕು. "ಅವರು ಸ್ಪಷ್ಟವಾಗಿ ಹೇಳಿದ್ದಾರೆ ಮೇಡಂ, ನನ್ನದೇ ಭಾಷೆಯವರು, ನನಗೆ ಚೆನ್ನಾಗಿ ಗೊತ್ತು" ಎಂದುಬಿಟ್ಟೆ. ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ಮುಂದೆ ತಿದ್ದಿದ ಕರಡು ಬಂತು. ಜೊತೆಗೆ ಒಂದು ಪಟ್ಟಿ: ಯಾರು ಏನು ಹೇಳಿದರು, ಅದಕ್ಕೆ ಕಚೇರಿ ಏನು ಮಾಡಿತು ಎಂದು. ಮೊಬೈಲು, ಗಡಿಯಾರ ರಿಪೇರಿಯವರ ಸಾಲಿನಲ್ಲಿ ಬಹಳ ಆಕ್ಷೇಪಗಳು ಬಂದಿದ್ದವು. ಅವರಿಗೆ ಒಂದು ವಿನಾಯಿತಿ ಸಿಕ್ಕಿತ್ತು. ಅಟ್ಟದ ಒಂದು ಬದಿ ಪೂರ್ತಿ ತೆರೆದಿದ್ದು, ಹೊಗೆ ಪತ್ತೆ ಹಚ್ಚುವ ಸಾಧನ ಹಾಕಿಸಿದರೆ ಅಲ್ಲೇ ಕೂತು ಕೆಲಸ ಮಾಡಬಹುದು. ಅದರ ಕೆಳಗೆ ಹೊಲಿಗೆ ಅಂಗಡಿಗಳ ಸಾಲು. 'ಆಕ್ಷೇಪ ಬಂದಿಲ್ಲ. ಬದಲಾವಣೆ ಅಗತ್ಯವಿಲ್ಲ.' ಕಾಕಾನ ಅಟ್ಟದ ಒಂದು ಬದಿ ಪೂರ್ತಿ ತೆರೆದೇ ಇತ್ತು. ಅಲ್ಲಿಂದಲೇ ಅವರು ಹೊಲಿದ ಕುಪ್ಪಸವನ್ನು ಕೆಳಗೆ ನಿಂತ ನನ್ನ ಕೈಗೆ ಇಳಿಬಿಡುತ್ತಿದ್ದರು.

ಅಷ್ಟು ಓದಿಯೂ ನನಗೆ ಪೂರ್ತಿ ನಾಟಿರಲಿಲ್ಲ. ಮರುದಿನ ಅಂಗಡಿಗೆ ಹೋದೆ. ಕಾಕಾ ನೆಲದ ಮೇಲೆ ಕೂತು ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದರು. ಬಟ್ಟೆಗೆ ಗುರುತು ಹಾಕುವ ಅದೇ ಚಪ್ಪಟೆ ಚಾಕ್. ಮಿಷನ್ ಕೆಳಗಿಳಿಸಿದರೆ ಎಲ್ಲಿ ಕೂರುತ್ತದೆ ಎಂದು ನೋಡುತ್ತಿದ್ದರು. ಮೇಜಿನ ಪಕ್ಕ ಇಟ್ಟರೆ ಬಾಗಿಲು ತೆರೆಯುವುದಿಲ್ಲ. ಪರದೆಯ ಮೂಲೆಯಲ್ಲಿಟ್ಟರೆ ಅಳತೆ ಕೊಡಲು ಜಾಗವಿಲ್ಲ. ಅಳತೆ ಕೊಡಲು ಮರೆಯಿಲ್ಲದ ಅಂಗಡಿಗೆ ಹೆಂಗಸರು ಬರುವುದಿಲ್ಲ. ನೆಲದ ತುಂಬ ಗೆರೆ, ಒರೆಸಿದ ಗೆರೆ, ಮತ್ತೆ ಗೆರೆ.

"ಆಗ್ತದೇನ್ರೀ ಕಾಕಾ?" ಎಂದೆ.

"ಕಾಂಬ" ಎಂದರು. ನೋಡೋಣ ಎಂದು. ಮುಖ ಎತ್ತಲಿಲ್ಲ.

ಆಗ ನಾಟಿತು. ನನ್ನ ಕಾಲು ಅವರ ಒಂದು ಗೆರೆಯ ಮೇಲಿತ್ತು, ಸರಿದು ನಿಂತೆ. ಅಂಗಡಿ ಉಳಿದರೆ ಅವರ ವೀಸಾ, ಅವರ ಇಲ್ಲಿನ ಬದುಕು. ಇಲ್ಲದಿದ್ದರೆ ಖಲಾಸ್. ಇಷ್ಟನ್ನೂ ನಾನು ಒಂದು ಟಿಕ್ ಮಾಡಿ ಮುಗಿಸಿದ್ದೆ.

ತಿದ್ದಿದ ಕರಡಿಗೆ ಅಭಿಪ್ರಾಯ ಹೇಳಲು ಇನ್ನೊಂದು ವಾರ ಉಳಿದಿತ್ತು. ಈ ವಾರವೇ ನನಗೆ ಇವತ್ತಿಗೂ ನುಂಗಲಾಗದ್ದು. ಅವಸರದಲ್ಲಿ, ತಲೆನೋವಿನಲ್ಲಿ, ಒಂದು ಮಾತನ್ನು ತಪ್ಪು ತಿಳಿದೆ ಎಂದರೆ ಜನ ಕ್ಷಮಿಸಿಯಾರು. ತಪ್ಪು ಎಂದು ತಿಳಿದ ಮೇಲೂ ಏಳು ದಿನ ಸುಮ್ಮನಿದ್ದವಳನ್ನು ಏನೆನ್ನಬೇಕು?

ಆ ಅಧಿಕಾರಿಣಿಗೆ ಇಮೇಲ್ ಬರೆಯಲು ಕೂತೆ. 'ಹೊಲಿಗೆಯವರ ಉತ್ತರವನ್ನು ನಾನು ತಪ್ಪಾಗಿ ದಾಖಲಿಸಿದ್ದೇನೆ' ಎಂಬ ಮೊದಲ ಸಾಲಿಗೇ ನನ್ನ ಬೆರಳು ನಿಂತಿತು. ಮೊನ್ನೆ ತಾನೇ ಅವಳಿಗೆ ನನ್ನ ಭಾಷೆ ನನಗೆ ಚೆನ್ನಾಗಿ ಗೊತ್ತು ಎಂದಿದ್ದೆ. ಆ ತಿಂಗಳೇ ಕಚೇರಿಯವರು ನಮ್ಮ ಕಂಪನಿಯ ಕರಾರನ್ನು ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸುವವರಿದ್ದರು. ವೆಬ್‌ಸೈಟಿನಲ್ಲಿ ಕಾಕಾನ ಹೆಸರಿನಲ್ಲೇ ಹೊಸ ಅಭಿಪ್ರಾಯ ಹಾಕಿಬಿಡೋಣ ಎಂದುಕೊಂಡೆ. ಒಂದೇ ಅಂಗಡಿಯಿಂದ ಒಮ್ಮೆ ಆಕ್ಷೇಪವಿಲ್ಲ, ಒಮ್ಮೆ ಇದೆ ಎಂದು ಬಂದರೆ ಮೊದಲನೆಯ ಫಾರಂ ತುಂಬಿದವರು ಯಾರು ಎಂದು ನೋಡುತ್ತಾರೆ. ಕೆಳಗಿರುವುದು ನನ್ನ ಸಹಿ. ಹೀಗೆ ಹೊರಳಾಡುತ್ತಿದ್ದಾಗ ಮಗಳು ಹೆಗಲ ಮೇಲಿಂದ ಬಗ್ಗಿ ಓದಿದಳು. ಆಗ ಅವಳಿಗೆ ಹನ್ನೆರಡು ವರ್ಷ.

"ಜಸ್ಟ್ ಟೆಲ್ ದೆಮ್, ಅಮ್ಮ" ಎಂದಳು.

"ನಿನಗೇನ್ ಗೊತ್ತಾಗ್ತದ? ಹೋಗಿ ಹೋಂವರ್ಕ್ ಮಾಡ್ಕೋ" ಎಂದು ರೇಗಿದೆ. ಮಗು ತೆಪ್ಪಗೆ ಹೋಯಿತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮರುದಿನ ಕಳಿಸಿದರಾಯಿತು ಎಂದುಕೊಂಡೆ, ಅದರ ಮರುದಿನವೂ ಹಾಗೆಯೇ ಅಂದುಕೊಂಡೆ. ಅವರೇ ತಾನೇ ಅಡ್ಡಿಲ್ಲ ಅಂದದ್ದು, ನಾನೇನು ಬಾಯಲ್ಲಿ ತುರುಕಿದೆನೇ ಎಂಬ ವಾದವನ್ನೂ ಹೂಡಿದೆ. ವಾದ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಎಂಟನೆಯ ದಿನ ಆ ಪುಟ ತೆರೆದಾಗ 'ಅವಧಿ ಮುಗಿದಿದೆ' ಎಂದಿತ್ತು. ನನಗಾದದ್ದು ದುಃಖವಲ್ಲ, ನಿರಾಳ. ಅದನ್ನು ನೆನೆದರೆ ಈಗ ಮೈಯೆಲ್ಲ ನಾಚಿಕೆಯಾಗುತ್ತದೆ.

ನಿಯಮ ಬಂತು. ಅಂಗಡಿಯವರು ಒಗ್ಗಿಕೊಳ್ಳಲಿ ಎಂದು ಕೆಲವು ತಿಂಗಳು ಸಮಯವನ್ನೂ ಕೊಟ್ಟರು. ಬೀದಿಯ ಆ ತುದಿಯ ಗಡಿಯಾರ ರಿಪೇರಿಯವನು ಅಟ್ಟದ ಸೂರಿಗೆ ಬಿಳಿಯ ದುಂಡು ಸಾಧನ ಹಾಕಿಸಿಕೊಂಡು ಎಂದಿನಂತೆ ಮೇಲೆ ಕೂತ. ಕಾಕಾ ಒಂದು ಮಿಷನ್ ಇಳಿಸಿ ನೋಡಿದರು, ಮೇಜನ್ನು ಅರ್ಧ ಕತ್ತರಿಸಿ ನೋಡಿದರು. ಆಮೇಲೆ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಹೊಲಿಯಲು ಕೊಟ್ಟದ್ದನ್ನು ಒಯ್ಯಿರಿ ಎಂದರು.

ನಾನು ಹೋದಾಗ ಅಂಗಡಿ ಮುಕ್ಕಾಲು ಖಾಲಿಯಾಗಿತ್ತು. ನನ್ನ ಎರಡು ಕುಪ್ಪಸಗಳನ್ನು ಮಡಿಸಿ ಇಟ್ಟಿದ್ದರು. "ಒಳ್ಗೆ ಬಟ್ಟೆ ಬಿಟ್ಟಿದ್ದೆ. ಬೇರೆ ಟೈಲರಿಗೆ ಬಿಚ್ಚುಕ್ ಹೇಳ್" ಎಂದರು. ನನಗೆ ಅಳು ಬಂತು, ಅಳುವ ಹಕ್ಕು ನನಗಿಲ್ಲ ಎಂದು ಸಿಟ್ಟೂ ಬಂತು. ಆ ಸಿಟ್ಟನ್ನು ಅವರ ಮೇಲೆಯೇ ಹಾಕಿದೆ.

"ಅವತ್ತ ಯಾಕ ಬ್ಯಾಡ ಅನ್ನಲಿಲ್ರೀ ಕಾಕಾ? ಅಲ್ಲೇ ಕುಂತಿದ್ದೆ ನಾನು. ಒಂದ್ ಮಾತ ಹೇಳಿದ್ರ ಬರೀತಿದ್ದೆ."

ಕಾಕಾ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಮ್ ಬದಿಯಗೆ ಮನಿಗ್ ಬಂದರಿಗೆ ಊಟ ಮಾಡಿ ಅಂದ್ರೆ ಮೊದ್ಲ್ ಬ್ಯಾಡ ಅಂಬ್ರ್ ಮಗಾ. ಮತ್ತೊಂದ್ ಸಲ ಕೇಂಡ್ರೆ ಕೂಕಂತ್ರ್. ದೊಡ್ಡೋರ್ ಕರ್ದ್ ಕೇಂಬತಿಗೆ ಮೊದ್ಲ್ ಬಾಯಿಗೇ ಆಗ್ದ್ ಅಂಬುದ್ ಹ್ಯಾಂಗೆ? ನೀ ಮತ್ತೊಂದ್ ಸಲ ಕೇಂತೆ ಅಂದ್ಕಂಡಿದ್ದೆ."

ದೊಡ್ಡವರು ಕರೆದು ಕೇಳುವಾಗ ಮೊದಲ ಬಾಯಿಗೇ ಆಗದು ಎನ್ನುವುದು ಹೇಗೆ, ನೀನು ಇನ್ನೊಮ್ಮೆ ಕೇಳುತ್ತೀ ಅಂದುಕೊಂಡಿದ್ದೆ ಎಂದು. ನನ್ನ ಮೇಲೆ ಹೊರಿಸಿ ಹೇಳಿದ್ದಲ್ಲ. ನಡೆದದ್ದನ್ನು ಹೇಳಿದರು, ಅಷ್ಟೇ. ಎರಡನೆಯ ಸಲ ಕೇಳುವುದು ಕುಂದಾಪುರದವರ ಕಟ್ಟಲೆ ಮಾತ್ರವೂ ಅಲ್ಲ. ಬೇಡ ಬೇಡ ಎನ್ನುವ ಅತಿಥಿಯ ಎಲೆಗೆ ಹೋಳಿಗೆ ಹಾಕಿಯೇ ತೀರುವ ಮನೆಯಲ್ಲಿ ಬೆಳೆದವಳು ನಾನು. ಮೊದಲ ಬೇಡವನ್ನು ನಂಬಬಾರದು ಎಂದು ನನ್ನ ಅವ್ವ ನನಗೆ ಕಲಿಸಿದ್ದಳು. ಮೊದಲ ಅಡ್ಡಿಲ್ಲವನ್ನು ಯಾಕೆ ನಂಬಿದೆ? ನಂಬಿದರೆ ಸಾಲು ಬೇಗ ಕರಗುತ್ತಿತ್ತು, ಅದಕ್ಕೆ.

ತಪ್ಪಾಗಿ ಬರೆದದ್ದು ನಾನು, ತಿಳಿದ ಮೇಲೂ ಸುಮ್ಮನಿದ್ದದ್ದು ನಾನು ಎಂದು ಆಗ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಎರಡು ಕುಪ್ಪಸ ತೆಗೆದುಕೊಂಡು ಬಸ್ ಸ್ಟಾಪಿಗೆ ನಡೆದೆ.

ಈಗ ನಾವು ಅಬುಧಾಬಿಯಲ್ಲಿದ್ದೇವೆ. ಇಲ್ಲಿ ಬೇರೊಂದು ಕಂಪನಿಯಲ್ಲಿ ನನಗೆ ಅದೇ ಬಗೆಯ ಕೆಲಸ. ಯಾರು ಸರಿ ಎಂದರೂ, ಅಡ್ಡಿಲ್ಲ ಎಂದರೂ, ಓಕೆ ಮೇಡಂ ಎಂದರೂ ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಕೇಳುತ್ತೇನೆ. ಮೊನ್ನೆ ಅಲ್ ಐನ್‌ನ ಸಭೆಯೊಂದರಲ್ಲಿ ನನ್ನ ಸಾಲು ಎಲ್ಲಕ್ಕಿಂತ ನಿಧಾನ ಎಂದು ಯಾರೋ ದೂರು ಕೊಟ್ಟರು. ಕೊಡಲಿ. ಸತ್ವಾದ ಅಟ್ಟದಲ್ಲಿ ಈಗ ಯಾರದೋ ರಟ್ಟಿನ ಪೆಟ್ಟಿಗೆಗಳಿವೆಯಂತೆ.

ಹೋದ ವಾರ ಧೈರ್ಯ ಮಾಡಿ ಕಾಕಾನಿಗೆ ಊರಿಗೆ ಫೋನ್ ಮಾಡಿದೆ. ಮೊದಲು ನನ್ನದನ್ನೆಲ್ಲ ಹೇಳಿದೆ: ಟಿಕ್ಕು, ಅಧಿಕಾರಿಣಿಯ ಫೋನು, ಕಳಿಸದ ಇಮೇಲು, ಆ ಏಳು ದಿನ. ಮುಗಿದ ಮೇಲೆ "ಆಯ್ಲಿ ಬಿಡ್ ಮಗಾ" ಎಂದರು.

"ಈಗ ಹೆಂಗಿದ್ದೀರಿ ಕಾಕಾ?" ಎಂದು ಕೇಳಿದೆ.

"ಅಡ್ಡಿಲ್ಲ" ಎಂದರು.

ನಾನು ಮತ್ತೊಂದು ಸಲ ಕೇಳಿದೆ.

ಫೋನ್ ಕಟ್ಟಾಯಿತೇ ಎಂದು ನೋಡಿಕೊಂಡೆ, ಆಗಿರಲಿಲ್ಲ.

"ಆಗ್ದ್ ಮಗಾ" ಎಂದರು. "ನಂಗೆ ಆ ಅಟ್ಟ ಬೇಕಿತ್ತ್."